ಸೆನ್ಸರ್ 96 ಅಂದಿತು, ಬೆರಳಿನ ರಕ್ತ 51 ಅಂದಿತು

ತೋಳಿಗೆ ಶುಗರ್ ಸೆನ್ಸರ್ ಅಂಟಿಸಿಕೊಂಡು, ಅದನ್ನು ನೋಡಿ ಇನ್ಸುಲಿನ್ ತೆಗೆದುಕೊಳ್ಳುವವರು ದಯವಿಟ್ಟು ಇದನ್ನು ಪೂರ್ತಿ ಓದಿ. ನನಗೆ ಆದದ್ದು ನಿಮಗೆ ಆಗುವುದು ಬೇಡ.

ನನಗೆ ಟೈಪ್ 1 ಡಯಾಬಿಟಿಸ್. ಸೆನ್ಸರ್ ಬಂದ ಮೇಲೆ ಬೆರಳು ಚುಚ್ಚುವುದನ್ನು ಪೂರ್ತಿ ಬಿಟ್ಟಿದ್ದೆ. ಬೆರಳಿನ ರಕ್ತದಲ್ಲಿ ಶುಗರ್ ಅಳೆಯುವ ಗ್ಲೂಕೋಮೀಟರ್ ಕಪಾಟಿನ ಮೂಲೆ ಸೇರಿತ್ತು. ಬೆರಳ ತುದಿ ಗಟ್ಟಿಯಾಗಿ, ಎರಡು ಸಲ ಚುಚ್ಚಿದರೂ ರಕ್ತ ಬಾರದ ದಿನಗಳನ್ನು ಕಂಡವರಿಗೆ ಆ ನೆಮ್ಮದಿ ಏನು ಅಂತ ಗೊತ್ತಿರುತ್ತದೆ.

ಆ ವಾರ ವಿಪರೀತ ನೆಗಡಿ. ಯಾರೋ ಹೇಳಿದರು ಅಂತ ನೀರಲ್ಲಿ ಬುರುಬುರು ಕರಗುವ ವಿಟಮಿನ್ ಸಿ ಮಾತ್ರೆ ಶುರು ಮಾಡಿದೆ. 1000 ಮಿಲಿಗ್ರಾಂನದ್ದು, ಬೆಳಿಗ್ಗೆ ಒಂದು, ಸಂಜೆ ಒಂದು. ಅದೇ ದಿನ ಹಳೇ ಸೆನ್ಸರ್‌ನ ಅವಧಿ ಮುಗಿದು ಹೊಸದು ಹಾಕಿಕೊಂಡಿದ್ದೆ.

ರಾತ್ರಿ ಊಟವಾಗಿ ಮೂರು ಗಂಟೆಯ ಮೇಲೆ ಮೊಬೈಲ್‌ನಲ್ಲಿ ಸೆನ್ಸರ್ ರೀಡಿಂಗ್ ನೋಡಿದರೆ 238. ಮೂರು ಯೂನಿಟ್ ಇನ್ಸುಲಿನ್ ತೆಗೆದುಕೊಂಡೆ. ಮುಕ್ಕಾಲು ಗಂಟೆ ಬಿಟ್ಟು ನೋಡಿದೆ, 226. ಇಳಿಯುತ್ತಲೇ ಇಲ್ಲವಲ್ಲ ಅಂತ ಇನ್ನೆರಡು ಯೂನಿಟ್ ಹಾಕಿಕೊಂಡೆ. ಇದು ಪೂರ್ತಿ ನನ್ನ ತಪ್ಪು. ಬೇಗ ಕೆಲಸ ಮಾಡುವ ಇನ್ಸುಲಿನ್ ಕೂಡ ಚುಚ್ಚಿದ ಮೇಲೆ ಮೂರು ನಾಲ್ಕು ಗಂಟೆ ಶುಗರ್ ಇಳಿಸುತ್ತಲೇ ಇರುತ್ತದೆ. ಮೊದಲನೆಯದರ ಕೆಲಸ ಮುಗಿಯುವ ಮುಂಚೆಯೇ ಎರಡನೆಯದನ್ನು ಅದರ ಮೇಲೆ ಹೇರಿದ್ದೆ.

ಮಲಗಿ ಒಂದೂವರೆ ಗಂಟೆ ಆಗಿರಬೇಕು. ಎಚ್ಚರವಾದಾಗ ದಿಂಬು ಒದ್ದೆ. ತುಟಿ ಜುಮ್ ಅನ್ನುತ್ತಿತ್ತು. ಮೊಬೈಲ್ ಹಿಡಿದ ಕೈ ಎಷ್ಟು ನಡುಗುತ್ತಿತ್ತು ಅಂದರೆ ಲಾಕ್ ತೆಗೆಯಲು ಮೂರು ಸಲ ಒತ್ತಬೇಕಾಯಿತು. ಪರದೆಯ ಮೇಲೆ 96. ಒಳ್ಳೆಯ ಸಂಖ್ಯೆ ಅಲ್ವಾ? ಶುಗರ್ ಇಳಿದರೆ ಕೂಗುವ ಲೋ ಅಲಾರಂ 80ಕ್ಕೆ ಇಟ್ಟಿದ್ದೆ, ಅದು ಸುಮ್ಮನಿತ್ತು. ನೆಗಡಿಯ ಜ್ವರ ಬಿಡುತ್ತಿರಬೇಕು, ಅದಕ್ಕೇ ಈ ಬೆವರು ಅಂದುಕೊಂಡು ಮತ್ತೆ ಕಣ್ಣು ಮುಚ್ಚಿದೆ.

ಪಕ್ಕದಲ್ಲಿ ಮಲಗಿದ್ದ ತಂಗಿಗೆ ನನ್ನ ಕೈ ತಾಗಿತಂತೆ. "ಅಕ್ಕಾ, ಮೈ ಯಾಕೆ ಹಿಂಗೆ ತಣ್ಣಗಿದೆ?" ಅಂದಳು. ಏನೋ ಉತ್ತರ ಕೊಟ್ಟೆ, ಮಾತು ತೊದಲಿತು. ಅವಳು ಮೊಬೈಲ್ ನೋಡಲಿಲ್ಲ. ಎದ್ದು ಹೋಗಿ ಕಪಾಟಿನಿಂದ ಗ್ಲೂಕೋಮೀಟರ್ ತಂದು, ನನ್ನ ಬೆರಳು ಒರೆಸಿ ಚುಚ್ಚಿದಳು. 51.

70ಕ್ಕಿಂತ ಕಡಿಮೆ ಅಂದರೆ ಲೋ. 54ಕ್ಕಿಂತ ಕೆಳಗೆ ಹೋದರೆ ತಲೆ ಕೆಲಸ ಮಾಡುವುದೇ ಕಷ್ಟ. ತಂಗಿ 15 ಗ್ರಾಂ ಗ್ಲೂಕೋಸ್ ಪುಡಿ ನೀರಿಗೆ ಹಾಕಿ ಕುಡಿಸಿದಳು. 15 ನಿಮಿಷ ಬಿಟ್ಟು ಮತ್ತೆ ಚುಚ್ಚಿದಾಗ 74. ಆಗ ಅಲಾರಂ ಕೂಗಿತು. ಸೆನ್ಸರ್‌ನಲ್ಲಿ 79, ಬಾಣ ಕೆಳಮುಖ. ನಾನು ಮೇಲೇಳುತ್ತಿದ್ದೆ, ಅದು ಬೀಳುತ್ತಿದ್ದೇನೆ ಅನ್ನುತ್ತಿತ್ತು.

ಮರುದಿನ ಡಾಕ್ಟರು ಬಿಡಿಸಿ ಹೇಳಿದರು. ಸೆನ್ಸರ್‌ನ ಎಳೆ ಇರುವುದು ರಕ್ತದಲ್ಲಿ ಅಲ್ಲ, ಚರ್ಮದ ಕೆಳಗೆ ಜೀವಕೋಶಗಳ ನಡುವಿನ ದ್ರವದಲ್ಲಿ. ರಕ್ತದ ಶುಗರ್ ಅಲ್ಲಿಗೆ ತಲುಪುವುದು 5ರಿಂದ 15 ನಿಮಿಷ ತಡ. ಶುಗರ್ ಸಮವಾಗಿದ್ದಾಗ ಇದು ಲೆಕ್ಕಕ್ಕೇ ಬರುವುದಿಲ್ಲ. ಬೇಗ ಇಳಿಯುವಾಗ ಅಂತರ ದೊಡ್ಡದಾಗುತ್ತದೆ. ಹೊಸ ಸೆನ್ಸರ್ ಮೊದಲ ದಿನ ಅಷ್ಟು ನಿಖರವಾಗಿ ಇರುವುದಿಲ್ಲ. ಇನ್ನು ವಿಟಮಿನ್ ಸಿ. ಎಳೆಯ ತುದಿಯಲ್ಲಿ ಶುಗರ್‌ನಿಂದ ಹುಟ್ಟುವ ಸಣ್ಣ ವಿದ್ಯುತ್ತನ್ನು ಸೆನ್ಸರ್ ಅಳೆಯುತ್ತದೆ. ವಿಟಮಿನ್ ಸಿ ಕೂಡ ಅಲ್ಲಿ ವಿದ್ಯುತ್ ಹುಟ್ಟಿಸಬಲ್ಲದು, ಸೆನ್ಸರ್ ಅದನ್ನೂ ಶುಗರ್ ಅಂತಲೇ ಎಣಿಸುತ್ತದೆ. ವಿಟಮಿನ್ ಒಂದೇ ಇಷ್ಟು ವ್ಯತ್ಯಾಸ ಮಾಡುವುದಿಲ್ಲ, ಮೂರೂ ಒಂದೇ ರಾತ್ರಿ ಸೇರಿಕೊಂಡಿವೆ ಅಂದರು. ನನ್ನ ಸೆನ್ಸರ್‌ನ ಡಬ್ಬಿಯೊಳಗಿನ ಚೀಟಿಯಲ್ಲೇ ಬರೆದಿತ್ತು, ದಿನಕ್ಕೆ 500 ಮಿಲಿಗ್ರಾಂ ಮೀರಿದರೆ ರೀಡಿಂಗ್ ಜಾಸ್ತಿ ತೋರಿಸಬಹುದು ಅಂತ. ಆ ಚೀಟಿ ಬಿಚ್ಚಿಯೂ ನೋಡಿರಲಿಲ್ಲ.

ಸೆನ್ಸರ್ ಕಡಿಮೆ ತೋರಿಸಿ ಮೋಸ ಮಾಡಿದರೆ ಪರವಾಗಿಲ್ಲ ಅನ್ನಬಹುದು. ತೋಳಿನ ಮೇಲೆ ಒತ್ತಿ ಮಲಗಿದಾಗ ಹಾಗಾಗುತ್ತದೆ. ಅಲಾರಂ ಕೂಗುತ್ತದೆ, ಎದ್ದು ನೋಡುತ್ತೇವೆ, ನಿದ್ದೆ ಹಾಳು ಅಷ್ಟೇ. ಜಾಸ್ತಿ ತೋರಿಸುವುದೇ ಭಯ. ಮೊದಲು ಬೇಡದ ಇನ್ಸುಲಿನ್ ಹಾಕಿಸುತ್ತದೆ, ಆಮೇಲೆ ನಿಜವಾಗಿ ಲೋ ಆದಾಗ ಅಲಾರಂ ಬಾಯಿ ಮುಚ್ಚಿಕೊಂಡಿರುತ್ತದೆ.

ಬೆರಳು ಚುಚ್ಚದೆ ಸೆನ್ಸರ್ ನೋಡಿಯೇ ಇನ್ಸುಲಿನ್ ತೆಗೆದುಕೊಳ್ಳಬಹುದು ಎಂದು ಔಷಧಿ, ವೈದ್ಯಕೀಯ ಸಾಧನಗಳಿಗೆ ಅನುಮತಿ ಕೊಡುವ ಅಮೆರಿಕದ ಸರ್ಕಾರಿ ಸಂಸ್ಥೆ ಎಫ್‌ಡಿಎ ಮೊದಲ ಸಲ ಒಪ್ಪಿದ್ದು 2016ರ ಡಿಸೆಂಬರ್‌ನಲ್ಲಿ. ನಾವೆಲ್ಲ ಅಷ್ಟನ್ನೇ ನೆನಪಿಟ್ಟುಕೊಂಡಿದ್ದೇವೆ. ಮೈಗೆ ಅನ್ನಿಸುವುದಕ್ಕೂ ಸೆನ್ಸರ್ ತೋರಿಸುವುದಕ್ಕೂ ಹೊಂದದಿದ್ದರೆ ಬೆರಳು ಚುಚ್ಚಿ ಎಂದು ಅದರ ಜೊತೆಗೇ ಹೇಳಿರುವುದು ಯಾರಿಗೂ ನೆನಪಿಲ್ಲ.

ಸೆನ್ಸರ್ ಬಿಟ್ಟಿಲ್ಲ, ಈಗಲೂ ತೋಳಿನಲ್ಲಿದೆ. ನೀವೂ ಬಿಡಬೇಡಿ. ಆದರೆ ಇವತ್ತೇ ನಿಮ್ಮ ಡಬ್ಬಿಯ ಚೀಟಿ ತೆಗೆದು ಓದಿ. ಎಲ್ಲ ಸೆನ್ಸರ್‌ಗೂ ಒಂದೇ ನಿಯಮ ಅಲ್ಲ. ಕೆಲವಕ್ಕೆ ವಿಟಮಿನ್ ಸಿ ಆಗುವುದಿಲ್ಲ, ಕೆಲವಕ್ಕೆ ಜಾಸ್ತಿ ಪ್ಯಾರಾಸಿಟಮಾಲ್, ಕೆಲವಕ್ಕೆ ಕೆಲವು ರಕ್ತದ ಕಾಯಿಲೆಗಳಿಗೆ ಕೊಡುವ ಹೈಡ್ರಾಕ್ಸಿಯೂರಿಯಾ. ಹೊಸ ಮಾತ್ರೆ ಶುರು ಮಾಡುವಾಗ, ನೆಗಡಿಯದ್ದೇ ಆದರೂ, ಸೆನ್ಸರ್ ಇದೆ ಅಂತ ಡಾಕ್ಟರಿಗೆ ಹೇಳಿ. ಹೊಸ ಸೆನ್ಸರ್ ಹಾಕಿದ ಮೊದಲ ದಿನ ಕರೆಕ್ಷನ್, ಅಂದರೆ ಏರಿದ ಶುಗರ್ ಇಳಿಸಲು ಹೆಚ್ಚುವರಿ ಇನ್ಸುಲಿನ್, ತೆಗೆದುಕೊಳ್ಳುವ ಮುಂಚೆ ಒಂದು ಸಲ ಚುಚ್ಚಿ ನೋಡಿ. ಗ್ಲೂಕೋಮೀಟರ್‌ಗೆ ಹಾಕುವ ಸ್ಟ್ರಿಪ್ ಡಬ್ಬಿಯ ಮೇಲಿನ ಕೊನೆಯ ದಿನಾಂಕವನ್ನೂ ನೋಡಿಕೊಳ್ಳಿ, ನನ್ನದು ಮುಗಿಯಲು ಹನ್ನೊಂದೇ ದಿನ ಬಾಕಿ ಇತ್ತು.