ವರ, ರಕ್ತ, ಬಾಗಿಲು, ಸೇಡು: ನನ್ನ ಅಭಿಮಾನಿ ಕಥೆಗೆ ನಾಲ್ವರು ಖಳರು

ಮೆಚ್ಚಿದ ಕಥೆಯ ಪಾತ್ರಗಳನ್ನು ಎರವಲು ಪಡೆದು ಅಭಿಮಾನಿ ಕಥೆ (ಫ್ಯಾನ್ ಫಿಕ್ಷನ್) ಬರೆಯುವವರಿಗೆ ನಾಯಕರು ಸಿದ್ಧವಾಗಿಯೇ ಸಿಗುತ್ತಾರೆ. ಅವರ ಮಾತಿನ ಧಾಟಿ, ಆಯುಧ, ಹಳೆಯ ಗಾಯಗಳೆಲ್ಲ ಓದುಗರಿಗೆ ಮೊದಲೇ ಗೊತ್ತಿರುವುದರಿಂದ, ನಾವು ನಮ್ಮದೆಂದು ತರಬಹುದಾದ ದೊಡ್ಡ ಪಾತ್ರವೆಂದರೆ ಖಳನೇ. ನಾನು ಮೆಚ್ಚಿದ ಸರಣಿಯೊಂದರಲ್ಲಿ ದೆವ್ವಗಳ ಬೆನ್ನು ಹತ್ತುವ ಅಕ್ಕ-ತಮ್ಮನನ್ನು ಮೂಡಿಗೆರೆ ಕಡೆಯ ಕಾಫಿ ತೋಟಕ್ಕೆ ಕರೆತಂದು, ಮೊದಲ ಅಧ್ಯಾಯವನ್ನು ಬದಲಿಸದೆ, ಪುರಾಣ ಮತ್ತು ಜನಪದದಿಂದ ಹುಟ್ಟಿಸಿದ ನಾಲ್ಕು ಬಗೆಯ ಖಳರನ್ನು ಒಬ್ಬರಾದ ಮೇಲೊಬ್ಬರಂತೆ ಅದೇ ಕಥೆಯೊಳಗೆ ಕೂರಿಸಿ ನೋಡಿದೆ.

ಮೊದಲನೆಯವನು ವರಬಲದ ಖಳ. ಹಿರಣ್ಯಕಶಿಪುವಿಗೆ ಹಗಲಲ್ಲೂ ಇರುಳಲ್ಲೂ, ಒಳಗೂ ಹೊರಗೂ, ಮನುಷ್ಯರಿಂದಲೂ ಮೃಗಗಳಿಂದಲೂ ಸಾವಿರಲಿಲ್ಲ. ಆ ವರದ ಸಂದಿನಲ್ಲೇ ನರಸಿಂಹ ಬಂದ. ಹಳೇಬೀಡಿನ ಗೋಡೆಯಲ್ಲಿ ನರಸಿಂಹನ ತೊಡೆಯ ಮೇಲೆ ಮಲಗಿದ ಅವನನ್ನು ನೋಡಿ ಬಂದ ವಾರವೇ, ತನ್ನ ಹೆಸರು ಬಲ್ಲ ಯಾರಿಂದಲೂ ಸಾವಿಲ್ಲದ ಒಬ್ಬ ಅಸುರನನ್ನು ಬರೆದೆ. ಕಥೆ ಸಲೀಸಾಗಿ ಸಾಗಿತು. ನಾಲ್ಕೇ ದಿನಗಳಲ್ಲಿ ಮುಗಿಯಿತು. ಆದರೆ ಮೂರನೆಯ ಅಧ್ಯಾಯ ಓದುವಾಗಲೇ ನನ್ನ ತಂಗಿ, "ಮಾತು ಬಾರದ ಕೂಸಿನ ಕೈಯಲ್ಲಿ ಸಾಯ್ತಾನೆ, ಅಲ್ವಾ ಅಣ್ಣ?" ಎಂದಳು. ಅವಳ ಊಹೆ ಸರಿಯಾಗಿತ್ತು. ಭಸ್ಮಾಸುರನ ಕಥೆ ಕೇಳುತ್ತಲೇ ಬೆಳೆದ ನಮ್ಮ ಓದುಗರು ವರ ಎಂಬ ಮಾತು ಕಿವಿಗೆ ಬಿದ್ದೊಡನೆ ಅದರ ಸಂದು ಹುಡುಕತೊಡಗುತ್ತಾರೆ, ಹಾಗೆ ಹುಡುಕುವಾಗ ಭಯ ಮರೆಯುತ್ತದೆ. ಹಿರಣ್ಯಕಶಿಪುವಿನ ಕೊನೆ ಎಲ್ಲರಿಗೂ ಗೊತ್ತಿದ್ದರೂ ಕೇಳುವವರ ಮೈ ನವಿರೇಳುವುದು ಪ್ರಹ್ಲಾದನ ಮೇಲಿನ ಮರುಕದಿಂದ. ನನ್ನ ಹೊಸ ಅಸುರನ ಕಥೆಯಲ್ಲಿ ಅಂಥ ಪ್ರಹ್ಲಾದನಿರಲಿಲ್ಲ.

ರಕ್ತಬೀಜನ ಮಾದರಿ ಎರಡನೆಯದು. ಒಂದೊಂದು ಹನಿಯಿಂದ ಒಬ್ಬೊಬ್ಬ ಅಸುರ ಏಳುವುದು ಕಣ್ಣಿಗೆ ಹಬ್ಬ, ಬರವಣಿಗೆಯಲ್ಲಿ ಬರೀ ಗದ್ದಲ. ಎರಡು ಅಧ್ಯಾಯ ಬರೆದು ಕೈಬಿಟ್ಟೆ.

ಜನಪದದ ದೆವ್ವ ಇವೆರಡಕ್ಕಿಂತ ಮೇಲು. ರಾತ್ರಿ ಪರಿಚಿತರ ದನಿಯಲ್ಲಿ ಕರೆದು ಬಾಗಿಲು ತೆರೆಸುವ, 'ನಾಳೆ ಬಾ' ಎಂದು ಬಾಗಿಲ ಮೇಲೆ ಬರೆದರೆ ಹಿಂದಿರುಗುವ ದೆವ್ವದಿಂದ ಪ್ರೇರಣೆ ಪಡೆದು, ತೋಟದ ಕೂಲಿಯವರ ಲೈನ್ ಮನೆಗಳ ಬಾಗಿಲಲ್ಲಿ ಸತ್ತವರ ದನಿಯಲ್ಲಿ ಕೂಲಿ ಲೆಕ್ಕ ಕೇಳುವ ಒಂದು ಆಕೃತಿಯನ್ನು ಮಾಡಿದೆ. ಹತ್ತು ಪುಟದ ಕಥೆಗೆ ಇದಕ್ಕಿಂತ ಒಳ್ಳೆಯ ಖಳ ನನಗೆ ಸಿಕ್ಕಿಲ್ಲ, ಆದರೆ ಅದಕ್ಕೆ ಮುಖವಿಲ್ಲದ ಕಾರಣ ಐದನೆಯ ಅಧ್ಯಾಯದ ಹೊತ್ತಿಗೆ ನಾಯಕರು ಬಾಗಿಲೊಂದರ ಜೊತೆ ಜಗಳವಾಡುತ್ತಿರುವಂತೆ ಕಾಣಿಸಿತು. ಇಲ್ಲಿ ಇನ್ನೊಂದು ಮಾತು ಹೇಳಲೇಬೇಕು: ಮಲೆನಾಡಿನ ಚೌಡಿ, ಭೂತಗಳಿಗೆ ಇಂದಿಗೂ ಪೂಜೆ ಸಲ್ಲುತ್ತದೆ, ಹರಕೆ ತೀರಿಸುವವರಿದ್ದಾರೆ, ಅವರ ದೈವವನ್ನು ನಮ್ಮ ಕಥೆಯ ಖಳನಾಗಿಸುವುದು ಸಲ್ಲದು.

ನಾಲ್ಕನೆಯವಳು ಧೂಮಿನಿ. ಮಹಾಭಾರತದಲ್ಲಿ ಖಾಂಡವವನ ಉರಿದಾಗ ಬದುಕಿ ಉಳಿದವರು ಆರು ಮಂದಿ: ನಾಗರಾಜ ತಕ್ಷಕನ ಮಗ ಅಶ್ವಸೇನ, ಅಸುರಶಿಲ್ಪಿ ಮಯ ಮತ್ತು ಶಾರ್ಙ್ಗಕ ಹಕ್ಕಿಯ ನಾಲ್ಕು ಮರಿಗಳು. ಮಗನನ್ನು ಉಳಿಸಲು ಹೋದ ಅಶ್ವಸೇನನ ತಾಯಿ ಅರ್ಜುನನ ಬಾಣಕ್ಕೆ ಬಲಿಯಾದಳು, ಆ ಸೇಡಿಗಾಗಿಯೇ ಅವನು ಮುಂದೆ ಕರ್ಣನ ಬಾಣವನ್ನು ಹೊಕ್ಕ. ಈ ಆರರ ಲೆಕ್ಕಕ್ಕೆ ಸಿಗದೆ ಹೊಗೆಯೊಳಗೆ ಉಳಿದುಹೋದ ಏಳನೆಯ ಜೀವವಾಗಿ ನಾನು ಒಬ್ಬ ನಾಗಕನ್ಯೆಯನ್ನು ಕಲ್ಪಿಸಿದೆ. ಕಾಡು ಸುಟ್ಟ ನೆಲವೆಲ್ಲ ಅವಳಿಗೆ ಖಾಂಡವವೇ. ಮೂಲ ಸರಣಿ ನಾಯಕರ ಅಜ್ಜನ ಬಗ್ಗೆ ಏನೂ ಹೇಳದ ಕಾರಣ, ಆ ತೋಟಕ್ಕಾಗಿ ಕಾಡಿಗೆ ಬೆಂಕಿಯಿಟ್ಟವನು ಅವನೇ ಎಂದು ಬರೆಯಲು ನನಗೆ ಜಾಗ ಸಿಕ್ಕಿತು. ಎರವಲು ಪಾತ್ರಗಳಲ್ಲಿ ಇಂಥ ಖಾಲಿ ಜಾಗ ಹುಡುಕಿಯೇ ಖಳನನ್ನು ನೆಡಬೇಕೆಂಬುದು ಈಗ ನನ್ನ ದೃಢವಾದ ಅಭಿಪ್ರಾಯ.

ಅವಳು ಮೊದಲು ಕಾಣಿಸಿಕೊಳ್ಳುವುದು ಕಾಫಿ ಗಿಡಗಳನ್ನು ಅರಳಿಸುವ ಹೂಮಳೆ ಬಿದ್ದು ಒಂಬತ್ತು ದಿನಗಳಾದ ಮೇಲೆ. ಗಿಡಗಳೆಲ್ಲ ಬೆಳ್ಳಗೆ ಅರಳಿ, ಮಲ್ಲಿಗೆಯಂಥ ಕಂಪು ತೋಟ ತುಂಬಿರುವಾಗ, ಅಕ್ಕ ಒಂದು ರೆಂಬೆಯನ್ನು ಬಾಗಿಸಿ ಮೂಸುತ್ತಾಳೆ. ಹೂವಿನಿಂದ ಸುಟ್ಟ ಕೂದಲಿನ ವಾಸನೆ ಬರುತ್ತದೆ. ಈ ಪುಟ ಓದಿದ ತಂಗಿ ಏನನ್ನೂ ಊಹಿಸಲಿಲ್ಲ. ಸ್ವಲ್ಪ ಹೊತ್ತು ಬಿಟ್ಟು, "ಅವಳು ಕೇಳೋದ್ರಲ್ಲಿ ತಪ್ಪೇನಿದೆ?" ಎಂದಳು.

ಧೂಮಿನಿಯನ್ನು ಬರೆಯಲು ಐದು ತಿಂಗಳು ಹಿಡಿಯಿತು, ಮತ್ತು ಅವಳನ್ನು ಕೊಲ್ಲುವುದು ನ್ಯಾಯವೆನಿಸದೆ ಕೊನೆಯ ಅಧ್ಯಾಯ ಬಹಳ ದಿನ ನಿಂತೇ ಹೋಯಿತು. ಚಿಕ್ಕಮಗಳೂರಿನ ಪಕ್ಕದ ಹಿರೇಮಗಳೂರಿನಲ್ಲಿ, ಜನಮೇಜಯ ರಾಜ ಹಾವುಗಳನ್ನೆಲ್ಲ ಸುಡಲು ಮಾಡಿದ ಸರ್ಪಯಾಗದ್ದೆಂದು ಜನ ನಂಬುವ ಕಲ್ಲಿನ ಯೂಪಸ್ತಂಭ, ಅಂದರೆ ಯಾಗದ ಕಂಬ, ಇದೆ. ಅದರ ಮುಂದೆ ನಿಂತಾಗ ಆಸ್ತೀಕ ನೆನಪಾದ. ಆಯುಧ ಹಿಡಿಯದೆ, ರಾಜನನ್ನು ಮೆಚ್ಚಿಸಿ, ಯಾಗ ನಿಲ್ಲಲಿ ಎಂಬ ಒಂದೇ ವರ ಬೇಡಿ ತಕ್ಷಕನನ್ನು ಉಳಿಸಿದವನು. ಮನೆಗೆ ಬಂದು ಕೊನೆಯ ಅಧ್ಯಾಯದ ಹೋರಾಟವನ್ನೆಲ್ಲ ಅಳಿಸಿದೆ. ಈಗ ತಮ್ಮನು ಕೋವಿಯನ್ನು ನೆಲಕ್ಕಿಟ್ಟು, ಅಜ್ಜ ಬೆಂಕಿಯಿಟ್ಟ ಜಾಗ ಯಾವುದೆಂದು ಧೂಮಿನಿಯನ್ನೇ ಕೇಳುತ್ತಾನೆ, ಅವಳು ಮುಂದೆ ನಡೆದು ತೋರಿಸುತ್ತಾಳೆ.