ಪಕ್ಷದ ಮಹಾಧಿವೇಶನಕ್ಕೆ ದುಡ್ಡು: ಸರ್ಕಾರದ ಅನುದಾನವೋ, ಆತಿಥೇಯ ಸಮಿತಿಯೋ, ಪ್ರತ್ಯೇಕ ಖಾತೆಯೋ?

ಅಧ್ಯಕ್ಷ ಸ್ಥಾನದ ಅಭ್ಯರ್ಥಿಯನ್ನು ಘೋಷಿಸುವ ಮಹಾಧಿವೇಶನದ ಖರ್ಚಿಗೆ ಅಮೆರಿಕದ ಎರಡು ದೊಡ್ಡ ಪಕ್ಷಗಳು ಈ ಮೂರೂ ದಾರಿಗಳನ್ನು ಬಳಸಿ ನೋಡಿವೆ.

ಸರ್ಕಾರದ ಅನುದಾನ 1976ರಿಂದ 2012ರವರೆಗೆ ಇತ್ತು. ತೆರಿಗೆದಾರರು ತೆರಿಗೆ ಲೆಕ್ಕದ ಅರ್ಜಿಯಲ್ಲಿ ಗುರುತು ಹಾಕಿ ಒಪ್ಪಿದ ಹಣದ ನಿಧಿಯಿಂದಲೇ ಅದು ಬರುತ್ತಿತ್ತು; 2012ರಲ್ಲಿ ಪ್ರತಿ ಪಕ್ಷಕ್ಕೆ ಸುಮಾರು 1.82 ಕೋಟಿ ಡಾಲರ್ ಸಿಕ್ಕಿತು. ದಾನಿಯ ಋಣವಿಲ್ಲ, ಇದೇ ಇದರ ದೊಡ್ಡ ಗುಣ. ಆದರೆ ಪಕ್ಷದ ಖರ್ಚಿಗೆ ಮಿತಿ ಹಾಕಿ ಊರಿನ ಆತಿಥೇಯ ಸಮಿತಿಯನ್ನು ಆ ಮಿತಿಯಿಂದ ಹೊರಗೆ ಬಿಟ್ಟಿದ್ದರಿಂದ ಕಂಪನಿಗಳ ಹಣ ಹಿಂಬಾಗಿಲಿನಿಂದ ಬಂದೇ ಬಂತು. 2014ರಲ್ಲಿ ಅನುದಾನ ನಿಂತು, ಆ ಹಣ ಮಕ್ಕಳ ಕಾಯಿಲೆಗಳ ಸಂಶೋಧನೆಗೆ ಮೀಸಲಾಯಿತು.

ಆತಿಥೇಯ ಸಮಿತಿ ಅಧಿವೇಶನ ನಡೆಯುವ ಊರಿನ ಲಾಭರಹಿತ ಸಂಸ್ಥೆ. ಸಭಾಂಗಣದ ಬಾಡಿಗೆ, ವೇದಿಕೆ, ಬಸ್ಸು ಎಲ್ಲ ಅದರ ಲೆಕ್ಕಕ್ಕೆ. ಕಂಪನಿ, ಕಾರ್ಮಿಕ ಸಂಘಗಳಿಂದ ಮಿತಿಯಿಲ್ಲದೆ ಪಡೆಯಬಹುದು. ಹಣ ಬೇಗ ಸೇರುತ್ತದೆ, ಹಂಗೂ ಅಷ್ಟೇ ಬೇಗ ಸೇರುತ್ತದೆ. ಷಾರ್ಲಟ್‌ನಲ್ಲಿ 2012ರ ಡೆಮಾಕ್ರಾಟಿಕ್ ಅಧಿವೇಶನಕ್ಕೆ ವಿದ್ಯುತ್ ಕಂಪನಿ ಡ್ಯೂಕ್ ಎನರ್ಜಿ ಜಾಮೀನು ನಿಂತು ಕೊಡಿಸಿದ 1 ಕೋಟಿ ಡಾಲರ್ ಸಾಲ ವಾಪಸಾಗಲಿಲ್ಲ. ಹೊರೆ ಕಂಪನಿಯ ಷೇರುದಾರರ ಮೇಲೆ ಬಿತ್ತು. ಸಾಲವೇ ದೇಣಿಗೆಯಾಗುವುದು ಹೀಗೆ.

ಅಧಿವೇಶನದ ಖರ್ಚಿಗೆಂದೇ ಪಕ್ಷ ತೆರೆಯುವ ಪ್ರತ್ಯೇಕ ಖಾತೆ 2014ರ ಕೊನೆಯಲ್ಲಿ ಬಂತು. ಕಂಪನಿ ಖಜಾನೆಯ ಹಣ ನಿಷಿದ್ಧ. ಆದರೆ ಒಬ್ಬ ವ್ಯಕ್ತಿ ಪಕ್ಷಕ್ಕೆ ಕೊಡಬಹುದಾದ ಸಾಮಾನ್ಯ ಮಿತಿಯ ಮೂರು ಪಟ್ಟು ಕೊಡಬಹುದು: 2023–24ರಲ್ಲಿ ವರ್ಷಕ್ಕೆ 1,23,900 ಡಾಲರ್. ಇದು ಸಿರಿವಂತರಿಗಷ್ಟೇ ಎಟುಕುವ ಮೊತ್ತ.

ಭದ್ರತೆಯ ಖರ್ಚು ಬೇರೆ. 2024ರಲ್ಲಿ ಅಧಿವೇಶನ ನಡೆದ ಎರಡೂ ನಗರಗಳಿಗೆ ಕೇಂದ್ರ ಸರ್ಕಾರ ತಲಾ 7.5 ಕೋಟಿ ಡಾಲರ್ ಕೊಟ್ಟಿತು.

ನಮ್ಮ ಆಯ್ಕೆ ಪ್ರತ್ಯೇಕ ಖಾತೆಯೇ, ಆದರೆ ಮೂರು ಪಟ್ಟಿನ ರಿಯಾಯಿತಿ ತೆಗೆದು, ಆತಿಥೇಯ ಸಮಿತಿಗೂ ಅದೇ ಮಿತಿ ಹಾಕಬೇಕು. ಒಂದು ಬಾಗಿಲು ಮುಚ್ಚಿ ಇನ್ನೊಂದನ್ನು ತೆರೆದಿಟ್ಟರೆ ಹಣ ಅಲ್ಲಿಂದಲೇ ನುಗ್ಗುತ್ತದೆ.