ಉದ್ಯಮಬಾಗದಲ್ಲಿ ಮಾಡಿಸಿದ ಅಲ್ಯುಮಿನಿಯಂ ದೋಣಿ: ಏರಿದ ಬೆಲೆಯಲ್ಲಿ ಲೋಹದ ಪಾಲೆಷ್ಟು?

ಆಲಮಟ್ಟಿ ಹಿನ್ನೀರಿನಲ್ಲಿ ಬಲೆ ಹಾಕುವ, ಬೀಳಗಿ ತಾಲ್ಲೂಕಿನ ನಮ್ಮ ಮೀನುಗಾರರ ಸಹಕಾರ ಸಂಘವು ಬೆಳಗಾವಿಯ ಉದ್ಯಮಬಾಗದ ಒಂದು ಫ್ಯಾಬ್ರಿಕೇಶನ್ ವರ್ಕ್‌ಶಾಪಿನಲ್ಲಿ ಹದಿನಾಲ್ಕು ಅಡಿ ಉದ್ದದ, ಸಪಾಟು ತಳದ ಅಲ್ಯುಮಿನಿಯಂ ದೋಣಿಯೊಂದನ್ನು ಮಾಡಿಸಿಕೊಂಡಿದೆ. ಎಂಜಿನ್ ಮತ್ತು ತೆರಿಗೆ ಬಿಟ್ಟು ಅದರ ಬೆಲೆ 2.35 ಲಕ್ಷ ರೂಪಾಯಿ. ಇದೇ ಅಳತೆಯ ದೋಣಿಯನ್ನು ಇದೇ ವರ್ಕ್‌ಶಾಪು ಕೆಲವು ವರ್ಷಗಳ ಹಿಂದೆ ನೆರೆಯ ಸಂಘಕ್ಕೆ 1.60 ಲಕ್ಷಕ್ಕೆ ಕೊಟ್ಟಿತ್ತು. ನಡುವಿನ 75 ಸಾವಿರದ ಬಗ್ಗೆ ಕೇಳಿದಾಗ ಮಾಲೀಕರು ಹೇಳಿದ್ದು ಒಂದೇ ಮಾತು: "ಅಲ್ಯುಮಿನಿಯಂ ರೇಟ್ ಏರೈತ್ರಿ, ನಾವೇನ್ ಮಾಡೋಣ್ರಿ?" ಈ ಮಾತು ಸುಳ್ಳಲ್ಲ, ಆದರೆ ಲೆಕ್ಕಕ್ಕೆ ಸಾಲುವುದಿಲ್ಲ.

ಮೂರು ಮಿಲಿಮೀಟರ್ ದಪ್ಪದ ಅಲ್ಯುಮಿನಿಯಂ ತಗಡು ಚದರ ಮೀಟರಿಗೆ 8.1 ಕಿಲೋ ತೂಗುತ್ತದೆ. ಎಂಟು ಅಡಿ ಉದ್ದ, ನಾಲ್ಕು ಅಡಿ ಅಗಲದ ಒಂದು ಹಾಳೆ ಸುಮಾರು 24 ಕಿಲೋ. ತಳ, ಎರಡು ಪಕ್ಕ, ಹಿಂಬದಿಯ ಹಲಗೆ, ಒಳಪಟ್ಟಿಗಳು, ಆಸನ ಎಲ್ಲವೂ ಸೇರಿ ಇಂಥ ದೋಣಿಗೆ ಕತ್ತರಿಸಿ ಉಳಿದ ಚೂರನ್ನೂ ಹಿಡಿದು ಆರು ಹಾಳೆ, ಅಂದರೆ 144 ಕಿಲೋ ಸಾಕು. ಲಂಡನ್ ಮೆಟಲ್ ಎಕ್ಸ್‌ಚೇಂಜಿನಲ್ಲಿ ಅಲ್ಯುಮಿನಿಯಂ ದರ 2020ರ ಲಾಕ್‌ಡೌನ್ ಕಾಲದಲ್ಲಿ ಟನ್ನಿಗೆ 1,500 ಡಾಲರಿಗಿಂತ ಕೆಳಗಿಳಿದು, ಉಕ್ರೇನ್ ಯುದ್ಧ ಆರಂಭವಾದ ನಂತರ 2022ರ ಮಾರ್ಚಿನಲ್ಲಿ 4,000 ಡಾಲರ್ ಸಮೀಪಕ್ಕೆ ಹೋಗಿತ್ತು. ಪಾತಾಳದಿಂದ ಶಿಖರದವರೆಗಿನ ಆ ಇಡೀ ಜಿಗಿತವನ್ನೇ ಅಂದಿನ ರೂಪಾಯಿ ದರದಲ್ಲಿ ಹಿಡಿದರೂ ಕಿಲೋಗೆ 190 ರೂಪಾಯಿ, ಒಂದು ದೋಣಿಗೆ 27 ಸಾವಿರ ಆಗುತ್ತದೆ. ಆ ಶಿಖರದಿಂದ ದರ ಇಳಿದದ್ದೂ ಉಂಟು. ಇಳಿದಾಗ ದೋಣಿಯ ಕೊಟೇಶನ್ ಇಳಿದದ್ದನ್ನು ಮಾತ್ರ ನಮ್ಮ ಕಡೆ ಯಾರೂ ಕಂಡಿಲ್ಲ.

ಬೆಳಗಾವಿಯ ಯಮನಾಪುರದಲ್ಲಿಯೇ ಹಿಂಡಾಲ್ಕೋ ಕಾರ್ಖಾನೆ ಇರುವಾಗ ತಗಡು ಅಗ್ಗವಾಗಬೇಕಲ್ಲವೆ ಎಂದು ಸಂಘದ ಸಭೆಯಲ್ಲಿ ಹಿರಿಯರೊಬ್ಬರು ಕೇಳಿದರು. ಅಲ್ಲಿ ತಯಾರಾಗುವುದು ಬಾಕ್ಸೈಟಿನಿಂದ ತೆಗೆದ ಅಲ್ಯುಮಿನಾ ಎಂಬ ಬಿಳಿಯ ಪುಡಿ, ತಗಡಲ್ಲ. ಆ ಪುಡಿಯಿಂದ ಒಂದು ಟನ್ ಲೋಹ ತೆಗೆಯಲು ಹದಿಮೂರರಿಂದ ಹದಿನೈದು ಸಾವಿರ ಯೂನಿಟ್ ವಿದ್ಯುತ್ ಬೇಕು. ಹಾಗಾಗಿ ಲೋಹ ತೆಗೆಯುವ ಘಟಕಗಳು ಕಲ್ಲಿದ್ದಲೋ ಜಲವಿದ್ಯುತ್ತೋ ಅಗ್ಗವಾಗಿ ಸಿಗುವ ಕಡೆಗೇ ಹೋಗುತ್ತವೆ. ದೋಣಿಗೆ ಬೇಕಾದ 5083 ಅಥವಾ 5052 ದರ್ಜೆಯ, ಮೆಗ್ನೀಸಿಯಂ ಬೆರೆತ ತಗಡನ್ನು ಇಡುವ ವ್ಯಾಪಾರಿಗಳು ಕಡಿಮೆ, ಐದಾರು ಹಾಳೆ ಕೊಳ್ಳುವವನಿಗೆ ಅವರು ಹೇಳಿದ್ದೇ ದರ.

ಹಾಗಾದರೆ ಉಳಿದ ಹಣ ಎಲ್ಲಿಗೆ ಹೋಗುತ್ತದೆ? ಬಹುಪಾಲು ಬೆಸುಗೆಗೆ. ಅಲ್ಯುಮಿನಿಯಂ 660 ಡಿಗ್ರಿಗೆ ಕರಗುತ್ತದೆ, ಅದರ ಮೈಮೇಲಿನ ಆಕ್ಸೈಡ್ ಪೊರೆ ಕರಗಲು 2,000 ಡಿಗ್ರಿಗಿಂತ ಹೆಚ್ಚು ಶಾಖ ಬೇಕು. ಪೊರೆಯನ್ನು ಒಡೆದು, ಕೆಳಗಿನ ತಗಡು ತೂತಾಗದಂತೆ ಕೈ ಓಡಿಸುವುದು ಗೇಟು, ಗ್ರಿಲ್ಲು ಮಾಡುವವರ ಕೆಲಸವಲ್ಲ. ಅದಕ್ಕೆ ಟಿಗ್ ಎಂಬ ಬೆಸುಗೆ ಯಂತ್ರ, ಶುದ್ಧ ಆರ್ಗಾನ್ ಗ್ಯಾಸಿನ ಸಿಲಿಂಡರು, ಬೇರೆಯೇ ಬಗೆಯ ತಂತಿ ಬೇಕು; ಹಾಳೆ ಎಂಟು ಅಡಿಯದಾಗಿ ದೋಣಿ ಹದಿನಾಲ್ಕು ಅಡಿಯದಾದರೆ ಜೋಡಣೆಯ ಗೆರೆಗಳೂ ಹೆಚ್ಚುತ್ತವೆ. ಇಂಥ ಕೆಲಸ ಬಲ್ಲವರು ಗೋವಾದ ಹಡಗುಕಟ್ಟೆಗಳಿಗೂ ಪುಣೆಯ ಕಾರ್ಖಾನೆಗಳಿಗೂ ಹೋಗುತ್ತಿರುವುದರಿಂದ ಅವರನ್ನು ಉಳಿಸಿಕೊಳ್ಳಲು ಕೂಲಿ ಹೆಚ್ಚಿಸಲೇಬೇಕಾಯಿತು ಎಂದು ಮಾಲೀಕರೇ ನಂತರ ಒಪ್ಪಿಕೊಂಡರು. ಈ ಕಾರಣ ನ್ಯಾಯವಾದದ್ದು, ಕೆಲಸವೂ ಅಚ್ಚುಕಟ್ಟಾಗಿದೆ. ತಳದ ಬೆಸುಗೆಯಲ್ಲಿ ಇದುವರೆಗೆ ಹನಿ ನೀರೂ ಜಿನುಗಿಲ್ಲ. ಅದನ್ನು ಮೊದಲೇ ಹೇಳದೆ ಎಲ್ಲವನ್ನೂ ಲೋಹದ ಲೆಕ್ಕಕ್ಕೆ ಬರೆದದ್ದು ನನಗೆ ಸರಿ ಕಾಣಲಿಲ್ಲ.

ಇನ್ನೊಂದು ಸಂಗತಿಯಲ್ಲಿ ವರ್ಕ್‌ಶಾಪು ನಿರಾಸೆ ಮಾಡಿತು. ಕೊಟೇಶನ್ನಿನಲ್ಲಿ ಎಲ್ಲ ಕಡೆ ಮೂರು ಮಿಲಿಮೀಟರ್ ಎಂದಿದ್ದರೂ ಪಕ್ಕದ ತಗಡುಗಳು ಎರಡು ಮಿಲಿಮೀಟರಿನವಾಗಿದ್ದವು. ಕಬ್ಬಿನ ತೂಕದಲ್ಲಿ ಕಾಟಾ ಹೊಡೆಯುತ್ತಾರೆಂದು ಊರೆಲ್ಲ ಮಾತಾಡುವ ನಾವು ದೋಣಿಯನ್ನು ಕಾಟಾದ ಮೇಲೆ ಇಡುವುದಿಲ್ಲ. ನಮ್ಮ ಸಂಘದ ಕಾರ್ಯದರ್ಶಿಗಳು ಅಡತ ಅಂಗಡಿಯ ಕಾಟಾದಲ್ಲಿ ಅದನ್ನು ಇಡಿಸಿದಾಗ ಲೆಕ್ಕಕ್ಕಿಂತ 14 ಕಿಲೋ ಕಡಿಮೆ ಬಂತು. ಮಾಲೀಕರು ವಾದಕ್ಕಿಳಿಯದೆ, ತಗಡಿನ ಖರೀದಿ ದರ ಕಿಲೋಗೆ 450ರಂತೆ ದೋಣಿಯ ಬೆಲೆಯಲ್ಲಿ 6,300 ರೂಪಾಯಿ ಕಡಿಮೆ ಮಾಡಿದರು. ಆ ಒಂದು ಅಂಕಿಯಲ್ಲಿ ಎಲ್ಲವೂ ಹೊರಬಿತ್ತು. ಕಿಲೋಗೆ 450ರಂತೆ ಆರು ಹಾಳೆಗೂ ಸೇರಿ 64,800 ರೂಪಾಯಿ. ದೋಣಿಯ ಇಡೀ ತಗಡಿನ ಬೆಲೆಗಿಂತ ಬೆಲೆಯ ಏರಿಕೆಯೇ ದೊಡ್ಡದು!

ತೆರಿಗೆಯ ಸಾಲನ್ನೂ ಓದಿ ನೋಡಬೇಕು. ಮೀನುಗಾರಿಕೆಯ ದೋಣಿಗೆ ಜಿಎಸ್‌ಟಿ ಶೇ. 5, ವಿಹಾರದ ದೋಣಿಗೆ 2025ರ ಸೆಪ್ಟೆಂಬರ್ 22ರಿಂದ ಶೇ. 40. ನಮಗೆ ಮೊದಲು ಬಂದ ಕಾಗದದಲ್ಲಿ ಸಾಮಾನ್ಯ ಫ್ಯಾಬ್ರಿಕೇಶನ್ ಎಂದು ಬರೆದು ಶೇ. 18 ಹಾಕಲಾಗಿತ್ತು, ಕೇಳಿದ ಮೇಲೆ ತಿದ್ದಿಕೊಟ್ಟರು. ಮತ್ಸ್ಯಸಂಪದ ಯೋಜನೆಯಲ್ಲಿ ಸಾಮಾನ್ಯ ವರ್ಗಕ್ಕೆ ಶೇ. 40, ಪರಿಶಿಷ್ಟರಿಗೂ ಮಹಿಳೆಯರಿಗೂ ಶೇ. 60 ಸಹಾಯಧನವಿದೆಯಾದರೂ ಅದನ್ನು ಎಣಿಸುವುದು ಯೋಜನೆಯಲ್ಲಿ ಗೊತ್ತುಮಾಡಿದ ಘಟಕ ವೆಚ್ಚದ ಮೇಲೆ. ಪೇಟೆಯ ದರ ಅದನ್ನು ಮೀರಿದರೆ ಮೀರಿದ್ದೆಲ್ಲ ಕೊಳ್ಳುವವನ ತಲೆಯ ಮೇಲೆಯೇ. ಔಟ್‌ಬೋರ್ಡ್ ಎಂಜಿನ್ನಿನ ಕಥೆಯೇ ಬೇರೆ: ಹೊರದೇಶದಿಂದ ಬರುವ ಆ ಯಂತ್ರ ಡಾಲರಿನ ಜೊತೆಗೇ ಏರುತ್ತದೆ, ಡಾಲರು 2020ರಲ್ಲಿ 75 ರೂಪಾಯಿಯ ಆಸುಪಾಸಿನಲ್ಲಿದ್ದದ್ದು 2024ರ ಡಿಸೆಂಬರಿನಲ್ಲಿ 85ನ್ನು ದಾಟಿತು.

ಇನ್ನು ನೀರಿನ ಮೇಲೆ. ಹಿನ್ನೀರಿನ ತಳದಲ್ಲಿ ಮುಳುಗಡೆಯಾದ ಊರುಗಳ ಗೋಡೆಗಳೂ ಜಾಲಿಯ ಬೊಡ್ಡೆಗಳೂ ಇವೆ. ಜಲಾಶಯ 519.60 ಮೀಟರಿಗೆ ತುಂಬಿದಾಗ ಅವು ಕಾಲಿಗೆ ಸಿಗುವುದಿಲ್ಲ. ಬೇಸಿಗೆಯಲ್ಲಿ ನೀರು ಹಿಂದೆ ಸರಿದಂತೆ ಒಂದೊಂದೇ ತಳಕ್ಕೆ ಬಡಿಯತೊಡಗುತ್ತವೆ. ಫೈಬರ್ ದೋಣಿ ಅಲ್ಲಿ ಬಿರುಕು ಬಿಡುತ್ತದೆ, ಇದು ನೆಗ್ಗುತ್ತದೆ, ಅಷ್ಟೆ. ನಾಲ್ಕು ಜನ ಸೇರಿದರೆ ಕೆಸರಿನ ಮೇಲೆ ಎತ್ತಿಕೊಂಡು ಹೋಗಬಹುದು. ಆದರೆ ಏಪ್ರಿಲಿನ ಬಿಸಿಲಿನಲ್ಲಿ ಆಸನದ ಮೇಲೆ ಗೋಣಿಚೀಲ ಹಾಸದೆ ಕೂರಲಾಗದು, ಹುಟ್ಟು ತಗಲಿದರೂ ಸದ್ದಾಗಿ ಮೀನು ಚದುರುತ್ತದೆ. ಆಸನದ ಕೆಳಗೆ ತುಂಬಬೇಕಿದ್ದ ಫೋಮ್ ಬದಲು ಥರ್ಮಾಕೋಲ್ ತುಂಡುಗಳನ್ನು ತುರುಕಿದ್ದನ್ನು ನಾವು ತೆಗೆಸಿ ಫೋಮನ್ನೇ ಹಾಕಿಸಿಕೊಂಡೆವು. ದೋಣಿ ಮಗುಚಿದಾಗ ತೇಲಿಸುವುದು ಅದೊಂದೇ ಆದ್ದರಿಂದ ಇಲ್ಲಿ ರಾಜಿ ಬೇಡ.

ಒಬ್ಬನೇ ಬಲೆ ಹಾಕುವವನಿಗೆ ಈ ಬೆಲೆಯಲ್ಲಿ ಇದನ್ನು ಕೊಳ್ಳಿರೆಂದು ನಾನು ಹೇಳಲಾರೆ. ನಮಗೆ ಸಿಕ್ಕ ಫೈಬರ್ ದೋಣಿಯ ದರ ಇದರ ಅರ್ಧದಷ್ಟಿತ್ತು, ಅದನ್ನು ಬಾಗಲಕೋಟೆಯಲ್ಲಿಯೇ ರಾಳ ಹಚ್ಚಿ ತೇಪೆ ಹಾಕಬಹುದು, ಇದರ ಬೆಸುಗೆ ಬಿಟ್ಟರೆ ಸುಮಾರು 140 ಕಿಲೋಮೀಟರ್ ದೂರದ ಬೆಳಗಾವಿಗೇ ಒಯ್ಯಬೇಕು. ದಿನವೂ ಎಂಜಿನ್ ಹಚ್ಚಿ ಹಲವರು ಬಳಸುವ ಸಂಘಕ್ಕೆ ಮಾತ್ರ ಇದು ಯೋಗ್ಯ, ಗುಜರಿಗೆ ಹಾಕಿದರೂ ಕಿಲೋ ಲೆಕ್ಕದಲ್ಲಿ ಒಂದಿಷ್ಟು ಹಣ ಮರಳುತ್ತದೆ.

ಎರಡನೆಯ ದೋಣಿಗೆ, ದರ್ಜಿಗೆ ಬಟ್ಟೆ ಕೊಟ್ಟು ಅಂಗಿ ಹೊಲಿಸುವಂತೆ, ತಗಡನ್ನು ನಾವೇ ತಂದುಕೊಡುತ್ತೇವೆ, ಕೂಲಿ ಮತ್ತು ಗ್ಯಾಸಿನ ಖರ್ಚನ್ನು ಬೇರೆ ಬೇರೆ ಬರೆದುಕೊಡಿ ಎಂದು ಕೇಳಿದ್ದೇವೆ. ವರ್ಕ್‌ಶಾಪು ಒಪ್ಪಿದೆ, ಆದರೆ ತಗಡು ನಿಮ್ಮದಾದರೆ ಸೋರಿಕೆಯ ಗ್ಯಾರಂಟಿ ನಮ್ಮದಲ್ಲ ಎಂದಿದೆ. ಆ ಷರತ್ತನ್ನು ಸಡಿಲಿಸುವವರೆಗೆ ಮುಂಗಡ ಕೊಡುವುದಿಲ್ಲವೆಂದು ಸಂಘ ಬರೆದು ಕಳಿಸಿದೆ.